ಸಾಲಿ ಬಿಟ್ಟ ಹರೇದ ಹುಡುಗೂರ ಟೆನ್ಶನ್ನು, ಹುಚ್ಚು ಧೈರ್ಯ: ಮನಿಯವರು, ಕಾಕಾ-ಮಾಮಾಗೋಳು, ಮೇಸ್ತ್ರಿಗೋಳು ಏನ್ ಮಾಡಬೇಕು, ಯಾವುದು ಮೊದ್ಲ ಮಾಡಬೇಕು

ನಾನು ಜಮಖಂಡಿ ಕಡಿ ಒಂದು ಹಳ್ಳ್ಯಾಗ ಪಂಚಾಯ್ತಿ ಲೈಬ್ರರಿ ನೋಡ್ಕೋತೀನ್ರಿ, ಈಗ ಬೋರ್ಡಿನ ಮ್ಯಾಲ ಅರಿವು ಕೇಂದ್ರ ಅಂತ ಐತಿ. ಮಧ್ಯಾಹ್ನ ಹೊತ್ತಿಗೆ ಸಾಲಿ ಮಕ್ಕಳಿಗಿಂತ ಸಾಲಿ ಬಿಟ್ಟ ಹುಡುಗೂರ ಜಾಸ್ತಿ ಬರ್ತಾರ, ಯಾಕಂದ್ರ ಇಲ್ಲೆ ಫ್ಯಾನ್ ಐತಿ, ಚಾರ್ಜಿಂಗ್ ಪಾಯಿಂಟ್ ಐತಿ, ಪೇಪರಿನ ಕ್ರಿಕೆಟ್ ಪುಟ ಐತಿ, ಮತ್ತ ಯಾರೂ "ಯಾಕಲೇ ಸಾಲಿ ಬಿಟ್ಟಿ" ಅಂತ ಕೇಳಂಗಿಲ್ಲ. 14ರಿಂದ 18 ವಯಸ್ಸಿನವರು, ಒಬ್ಬಾಂವ ಮಗ್ಗಕ್ಕ ಹೋಗ್ತಾನ, ಒಬ್ಬಾಂವ ಗ್ಯಾರೇಜಿಗೆ, ಒಬ್ಬಾಂವ ಗೌಂಡಿ ಕೈಕೆಳಗ, ಇನ್ನೊಂದಿಷ್ಟು ಮಂದಿ ಕಬ್ಬಿನ ಸೀಜನ್ ಬಂತಂದ್ರ ಅವ್ವ-ಅಪ್ಪನ ಜೋಡಿ ಗುಳೇ ಹೋಗಿ ಬ್ಯಾಸಿಗ್ಯಾಗ ತಿರುಗಿ ಬರ್ತಾರ.

ಇವರಿಗೆ ಬುದ್ಧಿ ಹೇಳೋರಿಗೇನು ಕಮ್ಮಿ ಇಲ್ಲ, ಬಸ್ ಸ್ಟ್ಯಾಂಡಿನ್ಯಾಗ ನಿಂತಾಂವನೂ ಹೇಳ್ತಾನ. ತೊಂದ್ರಿ ಇರೋದು ಹೇಳೋ ಕ್ರಮದಾಗ. ಎಲ್ಲಾರೂ ಸಾಲಿ ಮಾತಿನಿಂದನ ಶುರು ಮಾಡ್ತಾರ, "ತಿರಗಿ ಹೋಗು, ಪರೀಕ್ಷೆ ಕಟ್ಟು", ಹುಡುಗ ಅಲ್ಲೇ ಕಿವಿ ಮುಚ್ಚಿಕೊಂಡು ಎದ್ದು ಹೋಗ್ತಾನ, ಆಮ್ಯಾಲ ಮನಿಯವರು ಇಂವ ಉದ್ಧಾರ ಆಗಂಗಿಲ್ಲ ಅಂತ ಕೈ ತೊಳ್ಕೋತಾರ. ನನ್ನ ಪ್ರಕಾರ ಸಾಲಿ ಮಾತು ಕಡೀಗೆ ಬರಬೇಕು. ಮೊದ್ಲ ಜೀವ, ಆಮ್ಯಾಲ ಒಬ್ಬ ನಂಬಿಗಸ್ತ ಮನಿಶಾ, ಆಮ್ಯಾಲ ದಿನದ ಹೊತ್ತು-ಗೊತ್ತು, ಆಮ್ಯಾಲ ಅವನ ಧೈರ್ಯಕ್ಕ ಒಂದು ಜಾಗ, ಇಷ್ಟೆಲ್ಲಾ ಆದ ಮ್ಯಾಲ ಪುಸ್ತಕ. ಅದೇ ಕ್ರಮದಾಗ ಕೆಳಗ ಬರದೀನಿ.

ಮೊದ್ಲ, ಎಣ್ಣಿ ಡಬ್ಬಿ ಕೀಲಿ ಹಾಕ್ರಿ

ಇದನ್ನ ಇವತ್ತ ಮಾಡ್ರಿ, ಹುಡುಗ ಚಲೋ ಇದ್ರೂ ಮಾಡ್ರಿ. ದ್ರಾಕ್ಷಿ, ದಾಳಿಂಬ್ರಿ, ಕಬ್ಬು, ಹತ್ತಿ ಬೆಳಿಯೋ ನಮ್ಮ ಕಡಿ ಹೊಲಕ್ಕ ಹೊಡಿಯೋ ಎಣ್ಣಿ, ಅಂದ್ರ ಕ್ರಿಮಿನಾಶಕ, ಮನ್ಯಾಗ ಜ್ವಾಳದ ಚೀಲದ ಬಾಜೂಕ, ಇಲ್ಲಾ ದನದ ಕೊಟ್ಟಿಗ್ಯಾಗಿನ ಮಾಡದಾಗ ಇಟ್ಟಿರ್ತಾರ. ಹರೇದ ಹುಡುಗೂರು ಜೀವಕ್ಕ ಏನರ ಮಾಡ್ಕೊಳ್ಳೋದು ಭಾಳ ಸಲ ತಿಂಗಳಗಟ್ಟಲೆ ವಿಚಾರ ಮಾಡಿ ಅಲ್ಲ, ಒಂದು ಜಗಳ, ಒಂದು ಬಡತ, ಒಂದು ಮಾನಗೇಡು, ಆ ಸಿಟ್ಟಿನ ಹೊತ್ತಿನ್ಯಾಗ. ಆ ಹೊತ್ತಿಗೆ ಕೈಗೆ ಎಣ್ಣಿ ಸಿಗಲಿಲ್ಲಂದ್ರ ಸಿಟ್ಟು ಇಳೀತೈತಿ, ಜೀವ ಉಳೀತೈತಿ. ತಗಡಿನ ಪೆಟ್ಟಿಗಿ, ಒಂದು ಕೀಲಿ, ಕೀಲಿಕೈ ಹಿರೇರ ಸೊಂಟದಾಗ. ಉಳದ ಎಣ್ಣಿ ಮನಿಗೆ ತರೋ ಬದ್ಲಿ ಎಷ್ಟು ಬೇಕೋ ಅಷ್ಟ ಕೊಳ್ಳೋದು ಇನ್ನೂ ಚಲೋ. ಅಜ್ಜನ ಬಿಪಿ ಗುಳಿಗಿ, ಅವ್ವನ ನಿದ್ದಿ ಗುಳಿಗಿ ಇದ್ರ ಅವನ್ನೂ ಅದೇ ಪೆಟ್ಟಿಗ್ಯಾಗ ಇಡ್ರಿ.

ಹುಡುಗ "ಇರೋದ ಬ್ಯಾಡ ಅನಸೇತಿ", "ನಾ ಇಲ್ಲಂದ್ರ ಎಲ್ಲಾರಿಗೂ ಆರಾಮ" ಅಂತ ಒಂದು ಸಲ ಅಂದ್ರೂ ನಗಬ್ಯಾಡ್ರಿ, ನಾಟಕ ಅನ್ನಬ್ಯಾಡ್ರಿ. ನೇರ ಕೇಳ್ರಿ: "ಸಾಯಬೇಕು ಅಂತ ವಿಚಾರ ಬರ್ತೈತೇನಪಾ?" ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹಾಕಿದಂಗಾಗ್ತೈತಿ ಅಂತ ಮಂದಿ ಹೆದರ್ತಾರ, ಹಂಗೇನಿಲ್ಲ, ಕೇಳಿದ್ರ ಹುಡುಗಗ ಎದಿ ಹಗುರಾಗ್ತೈತಿ. ಹೌದು ಅಂದ್ರ ಆ ರಾತ್ರಿ ಅವನ್ನ ಒಬ್ಬನ್ನ ಬಿಡಬ್ಯಾಡ್ರಿ, 14416ಕ್ಕ ಫೋನ್ ಮಾಡ್ರಿ, ಇದು ಟೆಲಿ ಮಾನಸ್, 2022ರಾಗ ಸರ್ಕಾರ ಶುರು ಮಾಡಿದ ಪುಕ್ಕಟ ನಂಬರ್, ಹಗಲು ರಾತ್ರಿ ಇರ್ತೈತಿ, ಕನ್ನಡದಾಗ ಮಾತಾಡ್ತಾರ. ಎಣ್ಣಿ ಕುಡದೇ ಬಿಟ್ಟಾನ ಅಂದ್ರ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು, ಊರ ಔಷಧಿ ಹುಡುಕೋದು ಇದ್ಯಾವುದೂ ಬ್ಯಾಡ. 108ಕ್ಕ ಫೋನ್ ಹಚ್ಚಿ, ಡಬ್ಬಿ ಸಮೇತ ದವಾಖಾನಿಗೆ ಒಯ್ರಿ, ಡಬ್ಬಿ ಮ್ಯಾಲಿನ ಹೆಸರು ನೋಡಿದ್ರನ ಡಾಕ್ಟರಿಗೆ ಯಾವ ಔಷಧಿ ಕೊಡಬೇಕು ಗೊತ್ತಾಗೋದು.

ಟೆನ್ಶನ್ ಯಾವುದರದ್ದು, ಅದನ್ನ ತಿಳ್ಕೋರಿ

"ನಂಗ ಟೆನ್ಶನ್ ಐತಿ" ಅಂತ ಹದಿನಾರು ವರ್ಷದ ಹುಡುಗ ಬಂದು ಹೇಳಂಗಿಲ್ಲ. ತಲಿನೋವು ಅಂತಾನ, ಹೊಟ್ಟಿ ಉಬ್ಬರಸ್ತೈತಿ ಅಂತಾನ. ರಾತ್ರಿ ಎರಡರ ತನಕ ಮೊಬೈಲ್ ನೋಡಿ ಮುಂಜಾನೆ ಹನ್ನೊಂದಕ್ಕ ಏಳ್ತಾನ, ತಂಬಾಕಿನ ಮಾವಾ ಒಂದಿದ್ದದ್ದು ದಿನಕ್ಕ ನಾಕು ಆಗ್ತಾವು, ತಮ್ಮಗ ಸುಮ್ಸುಮ್ನ ಬಡೀತಾನ, ಉಣ್ಣಾಕ ಎಲ್ಲಾರ ಜೋಡಿ ಕುಂದ್ರಂಗಿಲ್ಲ. ಇದ್ರಾಗ ಎರಡ್ಮೂರು ಒಟ್ಟಿಗೇ ಕಂಡು, ಎರಡು ವಾರ ದಾಟಿದ್ರ ಅದು ಸೊಕ್ಕಲ್ಲ, ಒಳಗ ಏನೋ ನಡದೈತಿ.

ಏನ್ ನಡದೈತಿ ಅನ್ನೋದು ಮನಿಗೊಂದು ಥರ. ಒಬ್ಬಾಂವ ಎಸ್ಸೆಸ್ಸೆಲ್ಸಿ ಗಣಿತದಾಗ ಫೇಲಾಗಿ ಜೋಡಿಯವರು ಕಾಲೇಜ್ ಬಸ್ಸಿಗೆ ನಿಂತದ್ದು ನೋಡಲಾರದ ಹಿಂದಿನ ಓಣಿಯಿಂದ ಓಡಾಡ್ತಾನ. ಇನ್ನೊಬ್ಬಗ ಅಪ್ಪನ ಕುಡ್ತದ ಚಿಂತಿ. ಮತ್ತೊಬ್ಬಾಂವ ವರ್ಷಕ್ಕ ನಾಕೈದು ತಿಂಗಳು ಕಬ್ಬಿನ ಗ್ಯಾಂಗಿನ ಜೋಡಿ ಹೋಗಿ ತಮ್ಮ-ತಂಗಿ ಹಿಡದ ಗುಡಿಸಲಾಗ ಕುಂತು ಕುಂತು ಕ್ಲಾಸ್ ತಪ್ಪಿಸಿಕೊಂಡು, ಆಮ್ಯಾಲ ಸಾಲ್ಯಾಗ ಕುಂತ್ರ ಏನೂ ತಿಳೀದಂಗಾಗಿ ಬಿಟ್ಟಾನ. ಇವರು ಮೂರೂ ಮಂದೀಗೆ ಒಂದೇ ಭಾಷಣ ಮಾಡಿದ್ರ ಹ್ಯಾಂಗ ನಾಟೀತು? ಮನಿಯವರು ಒಂದು ಹಾಳ್ಯಾಗ ಬರದು ನೋಡ್ರಿ: ಸಾಲಿ ಬಿಡೂ ಹಿಂದಿನ ಮೂರು ತಿಂಗಳದಾಗ ಮನ್ಯಾಗ ಏನೇನಾತು? ಸಾಲ, ಸಾವು, ಜಗಳ, ಊರು ಬಿಟ್ಟದ್ದು, ಮಾಸ್ತರ ಹೊಡದದ್ದು. ಕಾರಣ ಹೆಚ್ಚಾಗಿ ಆ ಹಾಳ್ಯಾಗನ ಸಿಗ್ತೈತಿ.

ಒಬ್ಬ ಮನಿಶಾ, ಗೊತ್ತಾದ ಹೊತ್ತು

ಹವಾಯಿಯ ಕಾವಾಯಿ ಅನ್ನೋ ದ್ವೀಪದಾಗ 1955ರಾಗ ಹುಟ್ಟಿದ ಮಕ್ಕಳನ್ನ ಎಮ್ಮಿ ವರ್ನರ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತ ಅವರ ಜೋಡಿಯವರು ಹತ್ತಾರು ವರ್ಷ ಬೆನ್ನ ಹತ್ತಿ ನೋಡಿದ್ರು. ಬಡತನ, ಕುಡ್ತ, ಮನಿ ಜಗಳದಾಗ ಬೆಳದ ಮಕ್ಕಳೊಳಗ ಸುಮಾರು ಮೂರರಾಗ ಒಂದು ಪಾಲು ಗಟ್ಟಿಯಾಗಿ ನಿಂತು ಚಲೋ ಬಾಳೇ ಮಾಡಿದ್ರು. ಅವರೊಳಗ ಪದೇ ಪದೇ ಕಂಡದ್ದೇನಂದ್ರ, ಅವ್ವನೋ ಅಜ್ಜಿನೋ ಮಾಸ್ತರನೋ ನೆರಮನಿಯವರೋ, ಯಾರರ ಒಬ್ಬರು ಹಿರೇರು ಅವರನ್ನ ಕೈ ಬಿಟ್ಟಿರಲಿಲ್ಲ. ಭಾಳ ಮಂದಿ ಬೇಕಾಗಂಗಿಲ್ಲ, ಒಬ್ಬರು ಸಾಕು, ಆದ್ರ ಅವರು ಹೊತ್ತು ತಪ್ಪಿಸಬಾರದು.

ಅಪ್ಪನ ಅದಕ್ಕ ಬೇಕು ಅಂತೇನಿಲ್ಲ, ನಿಜ ಹೇಳಬೇಕಂದ್ರ ಭಾಳ ಮನ್ಯಾಗ ಅಪ್ಪ-ಮಗನ ಮಾತು ಆಗ್ಲೇ ಕೆಟ್ಟಿರ್ತೈತಿ, ಅಲ್ಲೆ ಸೋದರಮಾವನೋ ಕಾಕಾನೋ ದೊಡ್ಡಕ್ಕನೋ ಚಲೋ. ವಾರದಾಗ ಒಂದು ದಿನ, ಒಂದು ಹೊತ್ತು ಗೊತ್ತು ಮಾಡ್ಕೋರಿ. ಬಟವಾಡಿ ದಿನ ಆದ್ರ ಭಾಳ ಚಲೋ, ರಬಕವಿ-ಬನಹಟ್ಟಿ ಕಡಿ ಮಗ್ಗದ ಹುಡುಗೂರ ಕೈಗೆ ವಾರಕ್ಕೊಮ್ಮೆ ರೊಕ್ಕ ಬರ್ತೈತಿ, ಆ ಸಂಜಿಕೇನ ಗ್ಯಾಂಗ್ ಸೇರ್ತೈತಿ, ದಾರಿ ತಪ್ಪೋದೂ ಅವತ್ತ. ಎದುರಾ ಬದುರಾ ಕುಂದ್ರಿಸಿ ವಿಚಾರಣೆ ಮಾಡಬ್ಯಾಡ್ರಿ, ಬಾಜೂಕ ಕುಂತು ಏನರ ಕೈಕೆಲಸ ಮಾಡ್ಕೋತ ಮಾತಾಡ್ರಿ, ಪಂಪ್‌ಸೆಟ್ ರಿಪೇರಿ, ಗಾಡಿ ತೊಳಿಯೋದು, ಶೇಂಗಾ ಸುಲಿಯೋದು, ಏನಾದ್ರೂ ನಡೀತೈತಿ. ನಮ್ಮ ಓಣ್ಯಾಗ ಒಬ್ಬ ಕಾಕಾ ಗಾಡಿ ಚೈನ್ ಬಿಚ್ಚಿಕೋತ ಮಾತಾಡಿಸಿದ್ದು ನಾ ಕಿವಿಯಾರೆ ಕೇಳೀನಿ:

"ಇವತ್ತ ಭಾಳ ಕೆಲಸಾ ಇತ್ತೇನೋ?"

"ಏನಿಲ್ಲ ಕಾಕಾ. ದಿನಾ ಇದ್ದದ್ದ."

"ಆ ಹನ್ನೆರಡನೇ ಪಾನಾ ಕೊಡು... ಮಾಲಕ ಬೈದ್ನೇನು?"

"ಅಂವ ದಿನಾ ಬೈತಾನ. ಇವತ್ತ ಎಲ್ಲಾರ ಮುಂದ ಅಪ್ಪನ ಸಾಲ ಎತ್ತಾಡಿದಾ."

"ಹೂಂ. ಕಷ್ಟ ಆಗಿರಬೇಕು."

ಮುಂದ ಕಾಕಾ ಏನೂ ಅನ್ನಲಿಲ್ಲ. ಎಣ್ಣಿ ಬಿಟ್ಟು ಚೈನ್ ತಿರಗಿಸಿಕೋತ ಕುಂತ. ಹುಡುಗ ತಾನ ಮುಂದ ಹೇಳಾಕ ಹತ್ತಿದ, ಮುಂಗಡ ಎಷ್ಟು ತಗೊಂಡಾರ, ವಾರಕ್ಕ ಎಷ್ಟು ಮುರಕೋತಾರ, ಎಲ್ಲಾ. "ಕಷ್ಟ ಆಗಿರಬೇಕು" ಅಂದದ್ದರ ಬೆನ್ನಿಗೇ "ಆದ್ರೂ ನೀ ಸಾಲಿ ಬಿಡಬಾರದಿತ್ತು" ಅಂದಿದ್ರ ಮಾತು ಅಲ್ಲೇ ಸತ್ತ ಹೋಗ್ತಿತ್ತು. ಆ "ಆದ್ರೂ" ನುಂಗೋದು ಹಿರೇರಿಗೆ ಭಾಳ ಕಷ್ಟ ಐತ್ರಿ.

(ಅಪ್ಪನ ಮುಂಗಡ ತೀರಿಸಾಕ ಮಗನ ದುಡಿಮಿ ಹಿಡದು ಇಟ್ಕೊಂಡಿದ್ರ ಅದು ಜೀತ. 1976ರ ಕಾಯ್ದೆ ಪ್ರಕಾರ ಅಪರಾಧ, ತಹಶೀಲ್ದಾರ್ ಆಫೀಸಿಗೆ ಬರದ ಕೊಡಬಹುದು, 18ರ ಒಳಗಿನವರಿದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡಬಹುದು.)

ದಿನಕ್ಕ ಒಂದು ಚೌಕಟ್ಟು

ಸಾಲಿ ಇದ್ದಾಗ ಗಂಟಿ ಇತ್ತು, ಊಟದ ಹೊತ್ತು ಇತ್ತು, ಜೋಡಿಯವರಿದ್ರು. ಬಿಟ್ಟ ಮ್ಯಾಲ ಅದೆಲ್ಲಾ ಒಂದೇ ದಿನಕ್ಕ ಹೋಗ್ತೈತಿ, ಆ ಖಾಲಿತನಾನ ಅರ್ಧ ಟೆನ್ಶನ್. ಹಿಂಗಾಗಿ ದೊಡ್ಡ ದೊಡ್ಡ ನಿಯಮ ಮಾಡೋ ಬದ್ಲಿ ಮೂರು ಗೂಟ ಹೊಡದ್ರ ಸಾಕು: ಏಳೋ ಹೊತ್ತು, ಮನಿಯವರ ಜೋಡಿ ಒಂದು ಊಟ, ಮೊಬೈಲ್ ಚಾರ್ಜಿಗೆ ಹಾಕೋ ಜಾಗ. ಚಾರ್ಜರ್ ಪಡಸಾಲ್ಯಾಗ ಇರಲಿ, ಹಾಸಿಗಿ ಬಾಜೂಕ ಬ್ಯಾಡ, ಮತ್ತ ಅಪ್ಪನ ಮೊಬೈಲೂ ಅಲ್ಲೇ ಇರಬೇಕು, ಇಲ್ಲಂದ್ರ ನಿಯಮ ಎರಡ ದಿನಕ್ಕ ಮುರೀತೈತಿ. ಈ ವಯಸ್ಸಿಗೆ ಎಂಟು-ಹತ್ತು ತಾಸು ನಿದ್ದಿ ಬೇಕು, ನಿದ್ದಿಗೆಟ್ಟ ಹುಡುಗ ಸಣ್ಣ ಮಾತಿಗೂ ಸಿಡೀತಾನ, ಅಪಾಯದ ಅಂದಾಜೂ ತಪ್ಪತಾನ.

ರೊಕ್ಕದ ವಿಚಾರ ಸ್ವಲ್ಪ ನಾಜೂಕು. ಪಗಾರೆಲ್ಲಾ ಅಪ್ಪ ಇಸ್ಕೊಂಡ್ರ ಹುಡುಗ ಕದಿಯೋದು ಕಲೀತಾನ, ಪೂರ್ತಿ ಅವನ ಕೈಯಾಗ ಬಿಟ್ರ ಭಾನುವಾರಕ್ಕ ಖಾಲಿ. ಅವನನ್ನ ಕುಂದ್ರಿಸಿಕೊಂಡ ಪಾಲು ಮಾಡ್ರಿ, ಇಷ್ಟು ಮನಿಗೆ, ಇಷ್ಟು ಪೋಸ್ಟ್ ಆಫೀಸ್ ಇಲ್ಲಾ ಬ್ಯಾಂಕಿನ ಖಾತೆಕ್ಕ ಅವನ ಹೆಸರಲೇ, ಇಷ್ಟು ಅವಂಗ, ಆ ಕಡೀ ಪಾಲಿಗೆ ಲೆಕ್ಕ ಕೇಳಬ್ಯಾಡ್ರಿ.

ಹುಚ್ಚು ಧೈರ್ಯ, ಗ್ಯಾಂಗು, ಗಾಡಿ

ಇಲ್ಲೆ ಸ್ವಲ್ಪ ತಡೀರಿ, ಇದ ಮುಖ್ಯ ವಿಚಾರ. ಈ ವಯಸ್ಸಿನ್ಯಾಗ ಮಿದುಳಿನ್ಯಾಗ ಮಜಾ, ಹೊಗಳಿಕಿ ಹುಡುಕೋ ಭಾಗ ಮೊದ್ಲ ಜೋರಾಗ್ತೈತಿ, ತಡಿಯೋ ಭಾಗ ಪೂರ್ತಿ ಬೆಳಿಯೋದು ಸುಮಾರು 25ರ ಹೊತ್ತಿಗೆ. ಹುಡುಗ ಒಬ್ಬನ ಇದ್ದಾಗ ಅಷ್ಟೇನು ಹುಚ್ಚ ಇರಂಗಿಲ್ಲ. 2005ರಾಗ ಅಮೇರಿಕಾದಾಗ ಗಾರ್ಡ್ನರ್ ಮತ್ತ ಸ್ಟೈನ್‌ಬರ್ಗ್ ಅನ್ನೋರು ಕಂಪ್ಯೂಟರಿನ ಗಾಡಿ ಓಡ್ಸೋ ಆಟದಾಗ ನೋಡಿದ್ರು: 13ರಿಂದ 16 ವಯಸ್ಸಿನವರು ಗೆಳ್ಯಾರು ನೋಡಾಕ ನಿಂತಾಗ ಒಬ್ರ ಇದ್ದಾಗಿಗಿಂತ ಭಾಳ ಜಾಸ್ತಿ ಅಪಾಯ ತಗೊಂಡ್ರು, 24 ದಾಟಿದವರಿಗೆ ಗೆಳ್ಯಾರು ಇದ್ರೂ ಇರದಿದ್ರೂ ಫರಕ ಬೀಳಲಿಲ್ಲ. ನಮ್ಮ ಕಡಿ ಇದಕ್ಕ ಪ್ರಯೋಗ ಬೇಕಾಗಂಗಿಲ್ಲ, ಜಾತ್ರಿ ಮರುದಿನ ಹೈವೇ ಮ್ಯಾಲ ನಿಂತ ನೋಡ್ರಿ, ಒಂದ ಗಾಡಿ ಮ್ಯಾಲ ಮೂರು ಮಂದಿ, ಹಿಂದಿನಾಂವ ರೀಲ್ಸ್ ಹಿಡದಾನ, ಮುಂದಿನಾಂವ ವ್ಹೀಲಿ ಎತ್ಯಾನ. ಮೊಬೈಲ್ ಕ್ಯಾಮೆರಾ ಅಂದ್ರ ಇಡೀ ಊರ ಗೆಳ್ಯಾರು ಒಮ್ಮಿಗೇ ನೋಡಾಕ ನಿಂತಂಗ.

ಸಾಲಿ ಬಿಟ್ಟ ಹುಡುಗಗ ಇದು ಇನ್ನೂ ಜಾಸ್ತಿ ಬೇಕಾಗ್ತೈತಿ, ಯಾಕಂದ್ರ ಅವಂಗ ನಂಬರ್ ಕಾರ್ಡ್ ಇಲ್ಲ, ಸ್ಟೇಜ್ ಮ್ಯಾಲ ಕರಿಯೋರಿಲ್ಲ, ಊರಾಗ ಹೆಸರ ಮಾಡಾಕ ಉಳದದ್ದು ಧೈರ್ಯ ಒಂದ. ಅದನ್ನ ಕಸ್ಕೊಂಡ್ರ ಬ್ಯಾರೆ ಕಡಿ ಹೊರಬೀಳ್ತೈತಿ. ಧೈರ್ಯ ಇರಲಿ, ಜಾಗ ಬದಲಾಗಲಿ.

ಗಾಡಿ ಕೀಲಿ ವಿಷಯಕ್ಕ ಮಾತ್ರ ಸಡಿಲ ಬಿಡಬ್ಯಾಡ್ರಿ. 18ರ ಒಳಗಿನ ಹುಡುಗ ಗಾಡಿ ಓಡಿಸಿ ಸಿಕ್ಕರ, 2019ರ ತಿದ್ದುಪಡಿ ಪ್ರಕಾರ ಪಾಲಕರಿಗೆ ಇಲ್ಲಾ ಗಾಡಿ ಮಾಲಕಗ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು ಆಗಬಹುದು, ಗಾಡಿ ರಿಜಿಸ್ಟ್ರೇಶನ್ ಒಂದು ವರ್ಷ ರದ್ದು, ಹುಡುಗಗ 25 ತುಂಬೂ ತನಕ ಲೈಸನ್ಸ್ ಇಲ್ಲ. ಈ ಕಡೀ ಮಾತು ಹುಡುಗೂರಿಗೆ ಹೇಳಿದ್ರ ಭಾಳ ನಾಟ್ತೈತಿ, ಡ್ರೈವರ್ ಆಗೋ ಆಸೆ ಇದ್ದಾಂವ ಒಂದ್ಸಲ ಸುಮ್ನಾಗ್ತಾನ. ಟ್ರ್ಯಾಕ್ಟರ್ ಹೊಲದಾಗ ಹೊಡ್ಯಾಕ ಬಂದ್ರೂ ರೋಡಿಗೆ ಬಂತಂದ್ರ ಅದೂ ಗಾಡೀನ, ಕಬ್ಬಿನ ಎರಡು ಟ್ರೇಲರ್ ಹಿಂದ ಕಟ್ಟಿ ಹದಿನೇಳರ ಹುಡುಗನ ಕೈಯಾಗ ಸ್ಟಿಯರಿಂಗ್ ಕೊಡೋ ಮಾಲಕರಿಗೆ ನಾ ಏನ್ ಹೇಳಲಿ.

ಜಾಗ ಎಲ್ಲೆಲ್ಲಿ ಐತಿ? ಗರಡಿ ಮನಿ ನಮ್ಮ ಕಡಿ ಜಿಲ್ಲಾದಾಗ ಇನ್ನೂ ಉಸಿರಾಡಾಕತ್ತಾವು, ಅಲ್ಲೆ ವಸ್ತಾದ ಗುಟ್ಕಾ ತಿಂದ ಬಾಯಿ ಒಳಗ ಬಿಡಂಗಿಲ್ಲ, ಅಪ್ಪ ಹೇಳಿದ್ರ ಕೇಳದಾಂವ ವಸ್ತಾದಗ ಎದುರ ಮಾತಾಡಂಗಿಲ್ಲ. ಸೈಕ್ಲಿಂಗಿಗೆ ವಿಜಯಪುರ, ಬಾಗಲಕೋಟಿ ರಾಜ್ಯದಾಗ ಹೆಸರಾದ ಊರು, ಬೆಳಿಗ್ಗೆ ಐದಕ್ಕ ಎದ್ದು ರೋಡಿನ್ಯಾಗ ಹೊಡಿಯೋ ಹುಡುಗೂರ ಜೋಡಿ ನಿಮ್ಮ ಹುಡುಗನ್ನ ಒಮ್ಮೆ ಬಿಟ್ಟ ನೋಡ್ರಿ, ವೇಗದ ಹುಚ್ಚು ಅಲ್ಲೇ ತೀರ್ತೈತಿ. ಆಟ ಒಗ್ಗಲಾರದವರಿಗೆ ನಿಜವಾದ ಜವಾಬ್ದಾರಿ ಕೊಡ್ರಿ, ಸುಮ್ನ ಬಾಯಿಮಾತಿಂದಲ್ಲ, ತಪ್ಪಿದ್ರ ನಷ್ಟ ಆಗೋ ಅಂಥಾದ್ದು: ಸಂತಿಗೆ ಎರಡು ಆಡು ಒಯ್ದು ಮಾರ್ಕೊಂಡ ಬರೋದು, ರಾತ್ರಿ ಮೂರಕ್ಕ ಕರೆಂಟ್ ಬಂದಾಗ ನೀರ ತಿರುಗಿಸೋದು, ಜಾತ್ರ್ಯಾಗ ತೇರಿನ ಹಗ್ಗದ ಹತ್ರ ಮಂದಿ ಸರಸೋದು. ಆಡು ಐನೂರು ಕಮ್ಮಿಗೆ ಮಾರಿ ಬಂದ್ರ ಬೈಬ್ಯಾಡ್ರಿ, ಮುಂದಿನ ವಾರ ಮತ್ತ ಕಳಸ್ರಿ.

ಗ್ಯಾಂಗ್ ಬಿಡಸಾಕ ಹೋಗಬ್ಯಾಡ್ರಿ, ಆಗಂಗಿಲ್ಲ. ಗ್ಯಾಂಗಿನ ಒಬ್ಬಿಬ್ಬರನ್ನ ನಿಮ್ಮ ಮನಿ ಊಟಕ್ಕ ಕರೀರಿ, ಹೆಸರು, ಫೋನ್ ನಂಬರ್ ಗೊತ್ತಿರಲಿ. ಜೋಡಿಗೆ ಒಂದು ಒಪ್ಪಂದ ಮಾಡ್ಕೋರಿ: ಎಲ್ಲೇ ಸಿಕ್ಕೊಂಡಿರಲಿ, ಯಾವ ರಾತ್ರಿ ಆಗಲಿ, ಫೋನ್ ಮಾಡಿದ್ರ ಬಂದು ಕರಕೊಂಡ ಬರ್ತೀವಿ, ಅವತ್ತ ರಾತ್ರಿ ಒಂದೂ ಪ್ರಶ್ನೆ ಕೇಳಂಗಿಲ್ಲ. ಕೇಳೋದು ಮರುದಿನ, ನಾಷ್ಟಾ ಆದ ಮ್ಯಾಲ.

ಮೊಬೈಲಿನ್ಯಾಗಿನ ರೊಕ್ಕದ ಆಟದ ಬಗ್ಗೆ ಒಂದೇ ಮಾತು. 2025ರ ಕೇಂದ್ರದ ಕಾಯ್ದೆ ರೊಕ್ಕ ಹಚ್ಚಿ ಆಡೋ ಆನ್‌ಲೈನ್ ಗೇಮ್ ಬಂದ್ ಮಾಡೈತಿ, ಆದ್ರ ಲಿಂಕ್ ಕಳಸೋರು ಇನ್ನೂ ಅದಾರ. ರೊಕ್ಕ ಹೋಗಿದ್ರ, ಇಲ್ಲಾ ಲೋನ್ ಆ್ಯಪಿನವರು ಫೋಟೋ ತೋರಿಸಿ ಹೆದರಸ್ತಿದ್ರ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕ ಕೂಡ್ಲೇ ಫೋನ್ ಮಾಡ್ರಿ, ಹುಡುಗನ್ನ ಬಡಿಯೋದು ಆಮ್ಯಾಲ ಅಂತಲ್ಲ, ಬಡಿಯೋದ ಬ್ಯಾಡ.

ಹುಡುಗ್ಯಾರ ವಿಚಾರ ಬ್ಯಾರೆ

ಹುಡುಗ ಸಾಲಿ ಬಿಟ್ರ ಕಟ್ಟಿ ಮ್ಯಾಲ ಕಾಣ್ತಾನ, ಹುಡುಗಿ ಬಿಟ್ರ ಕಾಣೋದ ಇಲ್ಲ. ವಿಜಯಪುರ, ಬಾಗಲಕೋಟಿ ಜಿಲ್ಲಾದ 80 ಹಳ್ಳ್ಯಾಗ 2014ರಿಂದ 2017ರ ತನಕ ಸಮತಾ ಅನ್ನೋ ಯೋಜನೆಯ ಅಧ್ಯಯನ ನಡೀತು, ಪರಿಶಿಷ್ಟ ಜಾತಿ-ಪಂಗಡದ ಎರಡು ಸಾವಿರಕ್ಕೂ ಮ್ಯಾಲ ಹುಡುಗ್ಯಾರ ಮ್ಯಾಲ. ಕಡೀಗೆ ಸುಮಾರು ನಾಕರಾಗ ಒಬ್ಬಾಕಿ ಹೈಸ್ಕೂಲ್ ಮುಗಿಸಿರಲಿಲ್ಲ, ಹತ್ತರಾಗ ಹೆಚ್ಚುಕಮ್ಮಿ ಒಬ್ಬಾಕಿ ಮದಿವಿ ಆಗಿತ್ತು, ಅದೂ ಹದಿನೈದು-ಹದಿನಾರರ ವಯಸ್ಸಿಗೆ.

ಮನ್ಯಾಗ ಕುಂತ ಹುಡುಗಿ ಟೆನ್ಶನ್ ಬಾಯಿ ಬಿಟ್ಟ ಹೇಳಂಗಿಲ್ಲ, ಮೂರ್ಛೆ ಬಂದಂಗಾಗ್ತೈತಿ, ಊಟ ಸೇರಂಗಿಲ್ಲ, ಮನಿಯವರು ಗಾಳಿ ಅಂತ ತಾಯತ ಕಟ್ಟಸ್ತಾರ. ಆಕಿಗೆ ಮೊದ್ಲ ಬೇಕಾಗಿದ್ದು ಮನಿಯಿಂದ ಹೊರಗ ಹೋಗಾಕ ಮಂದಿ ಒಪ್ಪೋ ಒಂದು ಕಾರಣ: ಹೊಲಿಗಿ ಕ್ಲಾಸ್, ಲೈಬ್ರರಿ (6ರಿಂದ 18ರ ತನಕ ಸದಸ್ಯತ್ವ ಪುಕ್ಕಟ), ಸಂಘದ ಲೆಕ್ಕ ಬರಿಯೋದು. ಹುಡುಗ್ಯಾರ ದೊಡ್ಡ ರಿಸ್ಕ್ ಅಂದ್ರ ಯಾರ ಜೋಡೇನೋ ಓಡಿ ಹೋಗೋದು, ಭಾಳ ಸಲ ಅದು ಪ್ರೇಮಕ್ಕಿಂತ ಗೊತ್ತಾದ ಮದಿವಿಯಿಂದ ತಪ್ಪಿಸಿಕೊಳ್ಳೋ ದಾರಿ. 18ರ ಒಳಗ ಮದಿವಿ ಮಾಡಿದ್ರ ಕರ್ನಾಟಕದ ತಿದ್ದುಪಡಿ ಪ್ರಕಾರ ಅದು ಮೊದಲಿಂದ್ಲೇ ಅಸಿಂಧು, ಓಡಿ ಹೋದ್ರ ಹುಡುಗನ ಮ್ಯಾಲ ಪೋಕ್ಸೊ (ಮಕ್ಕಳ ಮ್ಯಾಲಿನ ಲೈಂಗಿಕ ಅಪರಾಧದ ಕಾಯ್ದೆ) ಕೇಸ್, ಇದನ್ನ ಹುಡುಗ, ಹುಡುಗಿ ಇಬ್ಬರಿಗೂ ಮೊದ್ಲ ಹೇಳ್ರಿ. ಮದಿವಿ ತಯಾರಿ ನಡದೈತಿ ಅಂದ್ರ 1098, ಹೆಸರ ಹೇಳದನೂ ತಿಳಸಬಹುದು.

ಕೆಲಸಕ್ಕ ಕಳಸೂ ಮುಂದ

14ರ ಒಳಗ ಕೂಲಿ ಕೆಲಸಕ್ಕ ಇಡೋದ ಅಪರಾಧ. 14ರಿಂದ 18ರವರಿಗೆ ಅಪಾಯದ ಕೆಲಸ ಇಲ್ಲ, ಅಂದ್ರ ಇಳಕಲ್ ಕಡಿ ಕಲ್ಲಿನ ಕ್ವಾರಿ, ಇಟ್ಟಂಗಿ ಭಟ್ಟಿ, ಪಟಾಕಿ-ಮದ್ದು, ಇಂಥಾ ಕಡಿ ಹಚ್ಚಬಾರದು. ಉಳದ ಕೆಲಸಕ್ಕ ಕಳಸೂ ಮುಂದ ಮಾಲಕನ್ನ ನೀವ ಹೋಗಿ ನೋಡ್ರಿ, ಊಟಕ್ಕ ಎಷ್ಟೊತ್ತು ಬಿಡ್ತಾನ, ಮಲಗೋದೆಲ್ಲಿ, ಪಗಾರ ಯಾರ ಕೈಗೆ ಕೊಡ್ತಾನ ಕೇಳ್ರಿ. ಗೋವಾ, ಪುಣೆ ಅಂತ ಕಳಸೋದಿದ್ರ ಆಧಾರ್ ಕಾರ್ಡ್ ಹುಡುಗನ ಹತ್ರನ ಇರಲಿ, ಕೂಲಿಗೆ ಮಂದಿ ಕರಕೊಂಡ ಹೋಗೋ ಮುಕಾದಮನ ಕೈಗೆ ಕೊಡಬ್ಯಾಡ್ರಿ.

ಮನಸು ಸಮಾ ಇಲ್ಲಂದ್ರ ಎಲ್ಲಿಗೆ ಹೋಗಬೇಕು

ತಾಲೂಕು ಆಸ್ಪತ್ರ್ಯಾಗ ಹರೇದವರಿಗಂತ ಸ್ನೇಹ ಕ್ಲಿನಿಕ್ ಐತಿ, ಆಪ್ತಸಮಾಲೋಚಕರು ಸಿಗ್ತಾರ. ಮನೋಚೈತನ್ಯ ಯೋಜನೆಯೊಳಗ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರ, ಯಾವ ಮಂಗಳವಾರ ಅಂತ ಆಶಾ ಅಕ್ಕಗ ಕೇಳಿ ಹೋಗ್ರಿ. "ಹುಚ್ಚರ ಡಾಕ್ಟರ್" ಅಂತ ಹುಡುಗ ಬರಂಗಿಲ್ಲ ಅಂದ್ರ ನಿದ್ದಿ ಬರವಲ್ದು, ತಲಿನೋವು ಅಂತ ಹೇಳಿ ಕರಕೊಂಡ ಹೋಗ್ರಿ, ಅದು ಸುಳ್ಳೂ ಅಲ್ಲ.

ಈಗ ಸಾಲಿ ಮಾತು

ಎರಡ್ಮೂರು ತಿಂಗಳು ಮ್ಯಾಲಿನದು ನಡೀತಂದ್ರ ಹುಡುಗ ತಾನ ಕೇಳೋ ಚಾನ್ಸ್ ಐತಿ, ಕೇಳದಿದ್ರ ನೀವ ಒಂದು ಸಲ ತೆಗೀರಿ, ಒಂದ ಸಲ. ದಾರಿ ಬಹಳ ಅದಾವು. 14ರ ಒಳಗಿದ್ರ ಆರ್‌ಟಿಇ (ಶಿಕ್ಷಣ ಹಕ್ಕಿನ ಕಾಯ್ದೆ) ಪ್ರಕಾರ ವಯಸ್ಸಿಗೆ ತಕ್ಕ ಕ್ಲಾಸಿಗೆ ಸರ್ಕಾರಿ ಸಾಲಿಯವರು ಸೇರಿಸಿಕೊಳ್ಳಬೇಕು. ಎನ್‌ಐಓಎಸ್ ಮುಕ್ತ ಶಾಲೆಯೊಳಗ 14 ತುಂಬಿದವರು ಹತ್ತನೇದು ಕಟ್ಟಬಹುದು, ವಿಷಯ ಒಂದೊಂದಾಗಿ ಪಾಸ್ ಮಾಡ್ಕೋತ ಹೋಗಬಹುದು, ಕೆಲಸಕ್ಕ ಹೋಗೋರಿಗೆ ಇದ ಸಲೀಸು. 15 ತುಂಬಿದವರು ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟಬಹುದು, ಮತ್ತ ಈಗ ವರ್ಷಕ್ಕ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಒಂದ್ರಾಗ ಹೋದ್ರ ಅದೇ ವರ್ಷ ಮತ್ತ ಕಟ್ಟಬಹುದು. ಫೇಲಾಗಿ ಬಿಟ್ಟವರಿಗೆ ಈ ಸುದ್ದಿ ಎಷ್ಟೋ ಮಂದೀಗೆ ಗೊತ್ತ ಇಲ್ಲ. ಎಂಟನೇದು ಪಾಸಾದವರಿಗೆ ಐಟಿಐದಾಗ ವೆಲ್ಡರ್, ವೈರ್‌ಮನ್ ಥರದ ಟ್ರೇಡ್ ಸಿಗ್ತಾವು. ಸಾಲಿ ಬಿಟ್ಟ ಹುಡುಗ್ಯಾರಿಗೆ ಕಸ್ತೂರ್ಬಾ ವಸತಿ ಸಾಲಿ ಐತಿ. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗೋ ಮುಂದ ಟಿಸಿ, ಆಧಾರ್, ಜನ್ಮ ದಾಖಲೆ ಒಯ್ರಿ, ಟಿಸಿ ಹಳೇ ಸಾಲಿಯವರು ಇವತ್ತ ನಾಳೆ ಅಂದ್ರ ಬರದ ಅರ್ಜಿ ಕೊಟ್ಟು ಅದರ ಮ್ಯಾಲ ಸೀಲ್ ಹಾಕಿಸಿಕೊಳ್ರಿ, ಮರು ವಾರ ಟಿಸಿ ಕೈಗೆ ಬರ್ತೈತಿ.

ನಡುವ ಒಂದ್ಸಲ ಹಳೇ ಚಾಳಿಗೆ ತಿರಗೇ ತಿರಗ್ತಾನ, ಪಗಾರ ಒಂದ ರಾತ್ರ್ಯಾಗ ಉಡಾಯಿಸ್ತಾನ, ಎರಡ ದಿನ ಮನಿಗೆ ಬರಂಗಿಲ್ಲ. ಆ ವಾರಾನೂ ಬಟವಾಡಿ ಸಂಜಿಕೆ ಕಾಕಾ ಪಾನಾ ಹಿಡ್ಕೊಂಡ ಅದೇ ಹೊತ್ತಿಗೆ ಕುಂದ್ರಬೇಕು. ಕಾಕಾಗ ಬ್ಯಾಸರ ಬಂದಿದ್ರ ಆ ವಾರ ಮಾಮಾ ಕುಂದ್ರಲಿ, ಆದ್ರ ಜಾಗ ಖಾಲಿ ಇರಬಾರದು.